ಪಂಪ್‌ಹೌಸಿನ ನಕ್ಷೆ

ಸಂಜೆಯ ವಾರ್ತೆ ಶುರುವಾಯಿತೆಂದರೆ ಸ್ಕೋಫೀಲ್ಡ್ಸಿನ ಆ ಮನೆಯಲ್ಲಿ ಬೇರೆಯವರು ಬಾಯಿ ತೆರೆಯುವಂತಿರಲಿಲ್ಲ. ಬದರಿನಾಥರು ಒಬ್ಬರೇ ಸಾಕು. ಗಾಜಾದ ಕುಸಿದ ಮನೆಗಳು, ಖಾಲಿ ಕ್ಯಾನು ಹಿಡಿದು ಸಾಲುಗಟ್ಟಿದ ಮಕ್ಕಳು, ಅದಾದ ಮೇಲೆ ನ್ಯೂಯಾರ್ಕಿನ ಭದ್ರತಾ ಮಂಡಳಿಯ ಮೇಜು ಟಿವಿಯಲ್ಲಿ ಕಂಡ ಕೂಡಲೇ ಅವರ ನಾಲಗೆ ಹರಿಯತೊಡಗುತ್ತಿತ್ತು.

“ನೋಡೇ ನಿಖಿತಾ, ಹದಿನಾಲ್ಕು ಜನ ಕೈ ಎತ್ತೋದು, ಒಬ್ಬ ಬೇಡ ಅನ್ನೋದು, ಎಲ್ರೂ ಎದ್ದು ಕಾಫಿಗೆ ಹೋಗೋದು! ಆ ಕಡೆ ಕೋರ್ಟು ಆರ್ಡರ್ ಮಾಡುತ್ತೆ, ಕೇಳೋರೇ ಗತಿಯಿಲ್ಲ. ಇನ್ನೊಬ್ಬ ಬಂದು ‘ತೀವ್ರ ಕಳವಳ’ ಅಂತಾನೆ. ಕಳವಳ ಆದ್ರೆ ಮಾತ್ರೆ ನುಂಗಯ್ಯಾ! ದಂಡಪಿಂಡಗಳು.”

ಚಾಟ್ಸ್‌ವುಡ್ಡಿನ ಆಫೀಸಿನಿಂದ ಆಗಷ್ಟೇ ಬಂದು ಚಪ್ಪಲಿ ಬಿಡುತ್ತಿದ್ದ ಮಗಳು, “ಸರಿ ಅಪ್ಪಾ, ವಾಲ್ಯೂಮ್ ಕಮ್ಮಿ ಮಾಡಿ” ಎಂದಳು. ಟಿವಿಯದ್ದೋ ಅಪ್ಪನದ್ದೋ ಎಂದು ಅವಳು ಹೇಳಲಿಲ್ಲ.

ಇಷ್ಟು ಬೈಯುತ್ತಿದ್ದ ಮನುಷ್ಯ ಅಂಥದ್ದೇ ಒಂದು ಮಂಡಳಿಯಲ್ಲಿ ತಾವೂ ಕೂತಿದ್ದರು ಎಂಬುದೇ ಇಲ್ಲಿನ ತಮಾಷೆ. ಗಾಜಾಕ್ಕೆ ಹೋಗುವ ನೀರಿನ ಸಾಮಾನುಗಳನ್ನು ಪರಿಶೀಲಿಸುವ ಒಂದು ಅಂತರರಾಷ್ಟ್ರೀಯ ಮಂಡಳಿ ಅದು. ಪೈಪು, ಪಂಪು, ಫಿಲ್ಟರು ಏನೇ ಇರಲಿ, ಇದು ನೀರಿಗೇ ಬಳಕೆಯಾಗುತ್ತದೆ, ಬೇರೆ ಯಾವ ಕೆಲಸಕ್ಕೂ ಅಲ್ಲ ಎಂದು ಮಂಡಳಿ ಪತ್ರ ಕೊಟ್ಟರೆ ಮಾತ್ರ ಗಾಜಾದ ಗಡಿಯಲ್ಲಿ ಸಾಮಾನು ಲಾರಿ ಹತ್ತುತ್ತಿತ್ತು. ಅದರ ಒಂದು ಶಾಖೆ ಮೆಲ್ಬರ್ನಿನಲ್ಲಿತ್ತು. ಬದರಿನಾಥರು ಕರ್ನಾಟಕದಲ್ಲಿ ಮೂವತ್ತನಾಲ್ಕು ವರ್ಷ ನೀರು ಸರಬರಾಜಿನ ಇಂಜಿನಿಯರಾಗಿದ್ದು, ನಿವೃತ್ತಿಯ ಮೇಲೆ ಮಗಳ ಬಳಿ ಬಂದವರು, ಅತ್ತ ಅರಬರೂ ಅಲ್ಲ, ಇತ್ತ ಯಹೂದಿಯೂ ಅಲ್ಲ. ಇಂಥ ನಿಷ್ಪಕ್ಷಪಾತಿ ಎಲ್ಲಿ ಸಿಗಬೇಕು ಎಂದು ಮಂಡಳಿ ಅವರನ್ನು ಗೌರವ ಪರಿಶೀಲಕರನ್ನಾಗಿ ಮಾಡಿಕೊಂಡಿತ್ತು. “ನಾನೊಬ್ಬನಾದ್ರೂ ನೆಟ್ಟಗೆ ಕೆಲಸ ಮಾಡ್ತೀನಿ” ಎಂದು ಇವರು ಒಪ್ಪಿಕೊಂಡಿದ್ದರು. ಕಡತಗಳು ಲ್ಯಾಪ್‌ಟಾಪಿಗೆ ಬರುತ್ತಿದ್ದವು. ಕಳಿಸಿದವರ ಹೆಸರು, ತಲುಪಬೇಕಾದ ಊರು ಎಲ್ಲಕ್ಕೂ ಕಪ್ಪು ಬಳಿದು, ಬರೀ ನಂಬರು ಇರುತ್ತಿತ್ತು.

ಆ ಸೋಮವಾರ ಬಂದದ್ದು ಒಂದು ಪಂಪಿನ ಕಡತ. ಉಪ್ಪು ನೀರನ್ನು ಸಿಹಿ ಮಾಡುವ ಸಣ್ಣ ಯಂತ್ರಕ್ಕೆ ಬೇಕಾದ ಪಂಪು. ಬದರಿನಾಥರು ಎರಡು ಸಲ ಓದಿದರು. ಒಂದು ತಪ್ಪೂ ಇರಲಿಲ್ಲ. ಅದೇ ಅವರಿಗೆ ಕಷ್ಟವಾದದ್ದು. ನೌಕರಿಯ ಮೊದಲ ದಿನಗಳಲ್ಲಿ ಹೀಗೇ ತಪ್ಪಿಲ್ಲದ ಒಂದು ಕಡತಕ್ಕೆ ಅದೇ ದಿನ ಸಹಿ ಹಾಕಿದ್ದಕ್ಕೆ, “ಎಷ್ಟು ತಿಂದ?” ಎಂದು ಯಾರೋ ಮೂಗರ್ಜಿ ಬರೆದಿದ್ದರು. ಅಂದಿನಿಂದ ಒಂದು ಕೊಕ್ಕೆಯನ್ನೂ ಹಾಕದೆ ಅವರು ಯಾವ ಕಡತವನ್ನೂ ಬಿಟ್ಟದ್ದಿಲ್ಲ. ಕೊಕ್ಕೆ ಹಾಕಿದ ಅಧಿಕಾರಿಯನ್ನು ಯಾರೂ ಲಂಚಕೋರ ಎನ್ನುವುದಿಲ್ಲ. ಕೈ ತಾನಾಗಿಯೇ ಟೈಪು ಮಾಡಿತು: ‘ಪಂಪ್‌ಹೌಸಿನ ನಕ್ಷೆ ಲಗತ್ತಿಸಿ. ಗೋಡೆ, ಬಾಗಿಲು, ಬೀಗದ ವಿವರ ತೋರಿಸಿ.’ ಕಳಿಸಿ, ನೆಮ್ಮದಿಯಾಗಿ ಕಾಫಿ ಕುಡಿದರು.

ಬುಧವಾರ ಮಹಾಶ್ವೇತಾ ಫೋನು ಮಾಡಿದಳು. ಕರ್ನಾಟಕದಲ್ಲಿ ಬದರಿನಾಥರ ಸಹೋದ್ಯೋಗಿಯಾಗಿದ್ದ ಚನ್ನಬಸಯ್ಯನವರ ಮಗಳು, ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿದ್ದಾಳೆ, ತಾನೂ ನೀರಿನ ಇಂಜಿನಿಯರು. ಗೆಳತಿಯರ ಜೊತೆ ಸೇರಿ ಒಂದು ಸಣ್ಣ ನೆರವಿನ ಸಂಸ್ಥೆ ನಡೆಸುತ್ತಾಳೆ.

“ಅಂಕಲ್, ನಿಮ್ಮ ಮಂಡಳಿಯವರು ನಮ್ಮ ಪಂಪ್‌ಗೆ ಅಡ್ಡಗಾಲು ಹಾಕಿದ್ದಾರೆ. ಗಾಜಾದ ದೇರ್ ಅಲ್ ಬಲಾಹ್‌ನಲ್ಲಿ ಹನಾನ್ ಅಂತ ಒಬ್ಬಳು ಇಂಜಿನಿಯರ್ ಇದ್ದಾಳೆ, ಹೇಳಿದ್ನಲ್ಲಾ? ಅವಳ ಹಳೇ ಪಂಪ್ ಸುಟ್ಟು ಮೂರು ವಾರ ಆಯ್ತು. ನಾಲ್ಕು ಸಾವಿರ ಜನ ಉಪ್ಪು ನೀರು ಕುಡೀತಿದ್ದಾರೆ. ಮಕ್ಕಳಿಗೆಲ್ಲಾ ಭೇದಿ. ಶುಕ್ರವಾರದ ಲಾರಿಲಿ ಜಾಗ ಸಿಕ್ಕಿತ್ತು. ಈಗ ಯಾವನೋ ಪುಣ್ಯಾತ್ಮ ಪಂಪ್‌ಹೌಸಿನ ನಕ್ಷೆ ಬೇಕು ಅಂತಿದ್ದಾನೆ! ಪ್ರಶ್ನೆ ಬಂದ್ರೆ ಮೂವತ್ತು ದಿನ ಮತ್ತೆ ಮೊದಲಿಂದ ಎಣಿಸ್ತಾರಂತೆ. ಅವನಿಗೆ ಟಿವಿ ಇಲ್ವಾ ಅಂಕಲ್? ಅಲ್ಲಿ ಹೌಸ್ ಎಲ್ಲಿದೆ?”

ಬದರಿನಾಥರು ಸೋಮವಾರದ ಕಡತ ತೆರೆದು ತಮ್ಮ ಪ್ರಶ್ನೆಯನ್ನು ಮತ್ತೊಮ್ಮೆ ಓದಿದರು. “ನೋಡ್ತೀನಮ್ಮಾ, ಮಂಡಳೀಲಿ ಮಾತಾಡ್ತೀನಿ” ಎಂದಷ್ಟೇ ಹೇಳಿ ಇಟ್ಟರು. ನಾನೇ ಎನ್ನುವ ಧೈರ್ಯ ಬರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

ಪ್ರಶ್ನೆಯನ್ನು ವಾಪಸು ಪಡೆಯಲು ಲ್ಯಾಪ್‌ಟಾಪಿನಲ್ಲಿ ಹುಡುಕಿದರು. ಪ್ರಶ್ನೆ ಕೇಳಲು ದೊಡ್ಡ ಹಸಿರು ಬಟನ್ ಇತ್ತು, ವಾಪಸು ಪಡೆಯಲು ಏನೂ ಇರಲಿಲ್ಲ. ಕಚೇರಿಗೆ ಫೋನು ಮಾಡಿದರೆ, ಅದನ್ನು ಸಭೆಯೇ ತೀರ್ಮಾನಿಸಬೇಕು, ಸಭೆ ಹೇಗೂ ನಾಳೆ ಇದೆ ಎಂದರು. ಗುರುವಾರ ಬೆಳಗಿನ ವಿಮಾನ ಹಿಡಿದು ಬದರಿನಾಥರು ಮೆಲ್ಬರ್ನಿಗೆ ಹಾರಿದರು.

ಸಭೆಯ ಕೋಣೆ ಹದಿನೇಳನೇ ಮಹಡಿಯಲ್ಲಿತ್ತು. ಮೇಜಿನ ಮೇಲೆ ಪ್ರತಿಯೊಬ್ಬರ ಮುಂದೆಯೂ ಗಾಜಿನ ಬಾಟಲಿಯಲ್ಲಿ ತಣ್ಣನೆಯ ನೀರು. ಬದರಿನಾಥರು ಎದ್ದು ನಿಂತು, “ನನ್ನ ಪ್ರಶ್ನೆ ಅನವಶ್ಯಕವಾಗಿತ್ತು. ದಯವಿಟ್ಟು ಅದನ್ನು ತೆಗೆದುಹಾಕಿ, ಇವತ್ತೇ ಪತ್ರ ಕೊಡಿ. ನಾಳೆ ಲಾರಿ ಹೊರಡುತ್ತದೆ” ಎಂದರು.

ಅಧ್ಯಕ್ಷೆ ಮುಗುಳ್ನಕ್ಕರು. “ನೀವು ತುಂಬಾ ವಿನಯವಂತರು. ಈ ವರ್ಷ ನಮಗೆ ಬಂದ ಪ್ರಶ್ನೆಗಳಲ್ಲೆಲ್ಲ ಇದು ಅತ್ಯಂತ ಕೂಲಂಕಷವಾದದ್ದು.”

“ಅಲ್ಲಿ ಕಟ್ಟಡವೇ ಇಲ್ಲ, ಮೇಡಂ.”

“ಅದು ನಮಗೆ ಅಧಿಕೃತವಾಗಿ ಗೊತ್ತಿಲ್ಲವಲ್ಲ,” ಎಂದರು ಪಕ್ಕದ ಸದಸ್ಯರು. “ಅಲ್ಲದೆ ಕೇಳಿದ ಪ್ರಶ್ನೆಯನ್ನು ವಾಪಸು ಪಡೆದರೆ ಜನ ಏನೆಂದುಕೊಂಡಾರು? ಯಾರೋ ನಿಮ್ಮ ಮೇಲೆ ಒತ್ತಡ ತಂದರು ಅನ್ನುವುದಿಲ್ಲವೇ?”

ಅದು ಬದರಿನಾಥರದೇ ಮಾತು. ಮೂವತ್ತನಾಲ್ಕು ವರ್ಷ ಕೆಳಗಿನ ಗುಮಾಸ್ತರಿಗೆ ಅವರು ಹೇಳಿಕೊಟ್ಟದ್ದೂ ಅದನ್ನೇ. ಆದರೂ ಬಿಡದೆ, ಅರ್ಜಿ ಹಾಕಿದವಳು ತಮಗೆ ಪರಿಚಯದವಳು, ಅಲ್ಲಿ ಮಕ್ಕಳು ಉಪ್ಪು ನೀರು ಕುಡಿಯುತ್ತಿದ್ದಾರೆ ಎಂದು ಗೋಗರೆದರು. ಪರಿಚಯದವಳು ಎಂದದ್ದೇ ತಪ್ಪಾಯಿತು. ಎಲ್ಲರ ಮುಖವೂ ಬಿಗಿದುಕೊಂಡಿತು. ಇನ್ನು ಈ ಕಡತದ ಬಗ್ಗೆ ಅವರು ಮಾತಾಡುವಂತಿಲ್ಲ ಎಂದು ಅಧ್ಯಕ್ಷೆ ಮೆತ್ತಗೆ ಹೇಳಿದರು. ಆಮೇಲೆ ಸಭೆ ಎರಡು ತೀರ್ಮಾನ ಮಾಡಿತು. ಮೊದಲನೆಯದು, ಇನ್ನು ಮುಂದೆ ಪ್ರತಿಯೊಂದು ಪಂಪಿನ ಅರ್ಜಿಗೂ ಪಂಪ್‌ಹೌಸಿನ ನಕ್ಷೆ ಕಡ್ಡಾಯ. ಎರಡನೆಯದು, ನೆರವು ತಲುಪುವುದು ತಡವಾಗುತ್ತಿರುವ ಬಗ್ಗೆ ಮಂಡಳಿ ತೀವ್ರ ಕಳವಳ ವ್ಯಕ್ತಪಡಿಸಿತು. ನಂತರ ಎಲ್ಲರೂ ಕಾಫಿಗೆ ಎದ್ದರು.

ಕೆಳಗೆ ಮಹಾಶ್ವೇತಾ ಕಾರಿನಲ್ಲಿ ಕಾಯುತ್ತಿದ್ದಳು. ಅವರು ಬಾಗಿಲು ಹಾಕಿಕೊಳ್ಳುವ ಮೊದಲೇ, “ಏನಾಯ್ತು ಅಂಕಲ್? ಒಪ್ಪಿದ್ರಾ?” ಎಂದಳು.

“ಇಲ್ಲಮ್ಮ.”

“ಯಾವನಂತೆ ಅವನು? ನಿಮಗೆ ಗೊತ್ತಾಗಿರುತ್ತೆ, ಹೇಳಿ.”

“ನಾನೇ.”

ಅವಳು ಬೈದಿದ್ದರೆ ಚೆನ್ನಾಗಿತ್ತು. ಅವಳ ಕಣ್ಣು ತುಂಬಿಕೊಂಡಿತು. “ಅಪ್ಪ ಯಾವಾಗಲೂ ಹೇಳೋರು, ನಿಮ್ಮಷ್ಟು ಪ್ರಾಮಾಣಿಕರು ಇನ್ನೊಬ್ಬರಿಲ್ಲ ಅಂತ,” ಎಂದಳು. ಫೋನು ಹಚ್ಚಿ, ಅದನ್ನು ಅವರ ಕೈಗಿಟ್ಟಳು. “ಹನಾನ್ ರಾತ್ರಿಯಿಂದ ಕಾಯ್ತಿದ್ದಾಳೆ. ನನಗೆ ಹೇಳಕ್ಕಾಗಲ್ಲ. ನೀವೇ ಹೇಳಿ.”

ಬಹಳ ಹೊತ್ತಿನ ಮೇಲೆ ಗಾಜಾದಿಂದ ಹೆಂಗಸಿನ ದನಿ ಬಂತು. ಹಿಂದೆ ಎಲ್ಲೋ ಮಗು ಅಳುತ್ತಿತ್ತು. ಬದರಿನಾಥರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿದರು. ಮಂಡಳಿಯವನು, ಆ ಪ್ರಶ್ನೆ ಕೇಳಿದವನು ನಾನು ಎಂದರು. ಕ್ಷಮಿಸಿ ಎನ್ನಲು ಬಾಯಿ ತೆರೆದರು.

ಅಷ್ಟರಲ್ಲಿ ಹನಾನಳ ದನಿ ಒಮ್ಮೆಲೇ ಮೃದುವಾಯಿತು, ತಗ್ಗಿತು. ಒಂದು ಸಹಿಗಾಗಿ ಕಚೇರಿಯ ಕಿಟಕಿಯ ಮುಂದೆ ನಿಂತವರ ಆ ದನಿ ಬದರಿನಾಥರಿಗೆ ಚೆನ್ನಾಗಿ ಗೊತ್ತಿತ್ತು.

“ನೀವೇ ಫೋನ್ ಮಾಡಿದ್ದು ದೊಡ್ಡ ಉಪಕಾರ, ಸರ್. ಒಂದು ನಿಮಿಷ, ಕಾಗದ ತಗೊಳ್ತೀನಿ. ನಕ್ಷೆ ಈಗಲೇ ಬರೆದು ಕಳಿಸ್ತೀನಿ. ಒಂದೇ ಒಂದು ಕೇಳಬೇಕಿತ್ತು. ನಾಲ್ಕು ಗೋಡೆಯಲ್ಲಿ ಈಗ ಒಂದು ನಿಂತಿದೆ. ಆ ಒಂದನ್ನೇ ಬರೀಲಾ, ನಾಲ್ಕನ್ನೂ ಬರೀಲಾ? ನೀವು ಯಾವುದನ್ನ ಪಾಸ್ ಮಾಡ್ತೀರೋ ಹೇಳಿ ಸರ್, ಅದನ್ನೇ ಬರೀತೀನಿ.”