ಮೂವತ್ತನೇ ತಾರೀಖಿನ ಸಹಿ

ನಮ್ಮ ಬ್ಯಾಂಕಿನ ಬಾಗಿಲ ಪಕ್ಕದ ಕಪಾಟಿನಲ್ಲಿ ಒಂದು ನೀಲಿ ಕಡತವಿದೆ. ಯಾವ ಶಾಖೆ ತೆರೆದೆವು, ಯಾವುದನ್ನು ಮುಚ್ಚಿದೆವು, ನಮ್ಮ ಸೇವೆಯ ಬಗ್ಗೆ ಜನ ಏನು ಬರೆದರು, ಎಲ್ಲವೂ ಅದರಲ್ಲಿರಬೇಕು. ಯಾರು ಬಂದು ಕೇಳಿದರೂ ತೋರಿಸಬೇಕು, ಯಾಕೆಂದು ಕೇಳುವಂತಿಲ್ಲ. ಅದು ಕಾನೂನು. ಆ ಕಡತವನ್ನು ಸರಿಯಾಗಿಡುವುದು ನನ್ನ ಕೆಲಸ. ನಾನು ಹಂಗಾಮಿಯಾಗಿ ಸೇರಿದ ಈ ಮೂರು ವರ್ಷದಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ.

ಮೊದಲ ಪುಟದಲ್ಲಿ ಒಂದು ತಪಾಸಣಾ ಹಾಳೆ. ಮೂರು ತಿಂಗಳಿಗೊಮ್ಮೆ, ಕೊನೆಯ ದಿನ, 'ಇಂದಿನವರೆಗೆ ಬಂದ ಕಾಗದಗಳೆಲ್ಲ ಇವೆ' ಎಂಬ ಸಾಲಿನ ಮುಂದೆ ನಾನು ಸಹಿ ಹಾಕಬೇಕು. ಆ ದಿನವೇ ನನಗೆ ಜ್ವರ ಬಂದರೆ? ಬಸ್ಸು ಕೆಟ್ಟು ನಿಂತರೆ? ಈ ಯೋಚನೆಯಲ್ಲಿ ನಿದ್ದೆಗೆಟ್ಟು, ಪ್ರತಿ ಸಲವೂ ಒಂದು ವಾರ ಮೊದಲೇ ಕೊನೆಯ ದಿನದ ತಾರೀಖು ಬರೆದು ಸಹಿ ಮಾಡಿಬಿಡುತ್ತಿದ್ದೆ. ಅದನ್ನು ಜಾಗ್ರತೆ ಎಂದುಕೊಂಡಿದ್ದೆ.

ಇಪ್ಪತ್ತಾರನೇ ತಾರೀಖು ಹನ್ನೊಂದು ಗಂಟೆಗೆ ಕೋಲೂರಿಕೊಂಡು ಒಬ್ಬ ಅಜ್ಜಿ ಬಂದರು. ನಿವೃತ್ತ ಶಿಕ್ಷಕಿ. ಸೇತುವೆಯಾಚೆಯ ಶಾಖೆಯನ್ನು ನಾವು ಮುಚ್ಚಿದ್ದರಿಂದ ಎರಡು ಬಸ್ಸು ಹತ್ತಿಳಿದು ಬರಬೇಕಾಗಿದೆ ಎಂದು ಹೋದ ವಾರ ದೂರು ಬರೆದಿದ್ದವರು.

"ಆ ನೀಲಿ ಫೈಲು ತೋರಿಸ್ತೀಯಾ ಮಗು? ನನ್ನ ಕಾಗದ ಅದರಲ್ಲಿ ಸೇರಿದೆಯೋ ಇಲ್ವೋ ನೋಡ್ಬೇಕು."

ಆ ಕಾಗದ ನನ್ನ ಮೇಜಿನ ಡ್ರಾಯರಿನಲ್ಲಿತ್ತು. ಮ್ಯಾನೇಜರ್ ಉತ್ತರ ಬರೆದ ಮೇಲೆ ಎರಡನ್ನೂ ಒಟ್ಟಿಗೆ ಸೇರಿಸೋಣವೆಂದು ಇಟ್ಟುಕೊಂಡಿದ್ದೆ. ಹಾಳೆಯಲ್ಲಿ ಮಾತ್ರ ಎಲ್ಲವೂ ಇವೆ ಎಂದು, ಇನ್ನೂ ಬಾರದ ಮೂವತ್ತನೇ ತಾರೀಖಿನ ನನ್ನ ಸಹಿ.

"ಕೂತಿರಿ ಅಮ್ಮಾ, ಬಂದೆ" ಎಂದು ಕಡತವನ್ನು ಎತ್ತಿಕೊಂಡು ಒಳಕೋಣೆಗೆ ಓಡಿದೆ.

ಕ್ಯಾಷಿಯರ್ ಅಕ್ಕ ಹಿಂದೆಯೇ ಬಂದಳು. "ಏನೇ ಪುಕ್ಕಲಿ, ಮುಖ ಬಿಳಚಿಕೊಂಡಿದೆ? ದೆವ್ವ ಗಿವ್ವ ಕಂಡ್ಯಾ?"

ಹೇಳಿದೆ.

"ಅಯ್ಯೋ, ಅಷ್ಟೇನಾ! ಹಾಳೆ ಕಿತ್ತು ಬಿಸಾಕು, ಹೊಸದು ಹಾಕು. ಹಳೇ ಸಹಿಗಳು ತಾನೇ, ಐದು ನಿಮಿಷದಲ್ಲಿ ಗೀಚ್ತೀಯ."

"ಗೊತ್ತಾದ್ರೆ ಅಕ್ಕಾ?"

"ನೀನು ಹೀಗೆ ಗಡಗಡ ನಡುಗಿದ್ರೆ ಗೊತ್ತಾಗುತ್ತೆ. ಮುಂದಿನ ತಿಂಗಳು ಕೆಲಸ ಖಾಯಂ ಆಗೋದಿದೆ, ನೆನಪಿರಲಿ."

ಮರೆಯುವುದು ಹೇಗೆ? ಅಮ್ಮ ದಿನಾ ಬಾಗಿಲಲ್ಲೇ ಕೇಳುತ್ತಾಳೆ. ಆಗಿಯೇ ಹೋಯಿತೆಂಬಂತೆ ಚಿಕ್ಕಮ್ಮನಿಗೆ ಫೋನನ್ನೂ ಮಾಡಿದ್ದಾಳೆ.

ಹಾಳೆಯ ಮೂಲೆ ಹಿಡಿದೆ. ಬೆವರಿದ ಬೆರಳು ಕಾಗದಕ್ಕೆ ಅಂಟಿತು. ಹನ್ನೆರಡು ಸಹಿ, ಹನ್ನೆರಡೂ ಮುಂಚೆಯೇ ಹಾಕಿದ್ದು. ಇವನ್ನು ಕಿತ್ತು ಹೊಸದಾಗಿ ಹನ್ನೆರಡು ಸುಳ್ಳು ಬರೆದರೆ, ತಪಾಸಣೆಯವರು ಬಂದಾಗಲೆಲ್ಲ ಜೀವ ಬಾಯಿಗೆ ಬರಬೇಕು. ಅಷ್ಟು ಹೆದರಿಕೆ ಹೊರುವ ತ್ರಾಣ ನನಗಿಲ್ಲ.

ಕೊನೆಯ ಸಹಿಯ ಮೇಲೆ ಒಂದು ಗೆರೆ ಎಳೆದೆ. ಪಕ್ಕದಲ್ಲಿ 'ಮುಂಚಿತವಾಗಿ ಸಹಿ ಮಾಡಿದ್ದು ತಪ್ಪು. ಒಂದು ದೂರನ್ನು ಇಂದು ಸೇರಿಸಿದೆ, ಉತ್ತರ ಬಾಕಿ' ಎಂದು ಬರೆದು ಇಪ್ಪತ್ತಾರರ ತಾರೀಖು ಹಾಕಿದೆ. ಅಕ್ಕ ಹಣೆ ಚಚ್ಚಿಕೊಂಡಳು.

ಡ್ರಾಯರಿನಿಂದ ಕಾಗದ ತೆಗೆದು ಸೇರಿಸಿ, ಕಡತವನ್ನು ಅಜ್ಜಿಯ ಮುಂದಿಟ್ಟೆ. ಅವರು ಕನ್ನಡಕ ಏರಿಸಿ ಒಂದೊಂದೇ ಪುಟ ಓದಿದರು. ತಮ್ಮ ಕಾಗದದ ಮೇಲೆ ಕೈಯಾಡಿಸಿದರು. ಇನ್ನೇನು ಏಳುತ್ತಾರೆಂದುಕೊಂಡೆ. ಮತ್ತೆ ಮೊದಲ ಪುಟಕ್ಕೆ ತಿರುಗಿದರು.

"ಈ ಹಾಳೇದೊಂದು ಪ್ರತಿ ಕೊಡು ಮಗು. ಕೇಳಿದ್ರೆ ಕೊಡ್ತೀವಿ ಅಂತ ಗೋಡೆ ಮೇಲೆ ಹಾಕಿದೀರಲ್ಲ."

"ಯಾಕಮ್ಮಾ?" ಬಾಯಿತಪ್ಪಿ ಕೇಳಿಬಿಟ್ಟೆ.

"ಯಾಕೆ ಅಂತ ಕೇಳೋ ಹಾಗಿಲ್ಲ. ಅದೂ ಅಲ್ಲೇ ಬರೆದಿದೆ." ನಕ್ಕರೋ ಇಲ್ಲವೋ ತಿಳಿಯಲಿಲ್ಲ.

ಜೆರಾಕ್ಸ್ ಯಂತ್ರದ ಬೆಳಕು ಹಾಳೆಯ ಕೆಳಗೆ ಹಾದುಹೋಯಿತು. ಪ್ರತಿಯಲ್ಲಿ ನನ್ನ ಗೆರೆ ಮೂಲಕ್ಕಿಂತ ಕಪ್ಪಾಗಿ ಬಿದ್ದಿತ್ತು. ಅಜ್ಜಿ ಅದನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಸೇರಿಸಿ, ಕೋಲೂರುತ್ತಾ ಹೊರಟರು.

ಆ ಪ್ರತಿ ಎಲ್ಲಿಗೆ ಹೋಗುತ್ತದೋ ಏನೋ. ಬೇರೆಯವರು ಹೇಳುವ ಮೊದಲು ನಾನೇ ಹೇಳುವುದು ವಾಸಿ. ಕಡತವನ್ನು ಎದೆಗವಚಿಕೊಂಡು ಮ್ಯಾನೇಜರ್ ಕೋಣೆಯ ಬಾಗಿಲು ತಟ್ಟಿದೆ.

"ಬಾಮ್ಮಾ, ಏನು?"

"ಸರ್, ಹನ್ನೆರಡು ಸಹಿ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಕಡತದ ಮೊದಲ ಪುಟ ತೆರೆದು ಮುಂದಿಟ್ಟು, ಹನ್ನೆರಡನ್ನೂ ಮುಂಚೆಯೇ ಹಾಕಿದ್ದೆಂದು ಇನ್ನೊಮ್ಮೆ ಹೇಳಿದೆ.