ಪೆಟ್ಟಿಗೆಗೆ ಬಂದ ಅಳಿಯ

ಚಂದಾಪುರದ ಕಾಲೇಜಿನಲ್ಲಿ ನಾನು ಕನ್ನಡದ ಅತಿಥಿ ಉಪನ್ಯಾಸಕ. ಹನ್ನೊಂದು ವರ್ಷದ ಅತಿಥಿ. ಒಂದು ದಿನವೂ ಯಾರೂ ಊಟಕ್ಕೆ ಏಳಿ ಎಂದಿಲ್ಲ. ಪ್ರಾಣಿಶಾಸ್ತ್ರದ ರಾಧಿಕಾ ಮೇಡಂ ಕೂಡ ನನ್ನಂತೆಯೇ ಅತಿಥಿ. ಗಂಡನನ್ನು ವಾಡಿ ಊರಿನಲ್ಲೇ ಬಿಟ್ಟು, ಮಗಳು ಪೂನಮ್‌ಳನ್ನು ಕರೆದುಕೊಂಡು ಬಂದವರು.

ಚಿಂಚೋಳಿ ಕಾಡಿನಿಂದ ಅವರು ಒಂದು ಕಡ್ಡಿಹುಳ ತಂದಿದ್ದರು. ಒಣ ಕಡ್ಡಿಗೆ ಕಾಲು ಮೂಡಿದಂಥ ಹುಳ. ಸೊಳ್ಳೆಪರದೆ ಹೊಡೆದ ಪೆಟ್ಟಿಗೆಯಲ್ಲಿ ಪೇರಲ ಎಲೆ ತಿಂದು, ಗಂಡಿನ ಮುಖವನ್ನೇ ನೋಡದೆ ಅದು ತತ್ತಿ ಇಟ್ಟಿತು. ಹುಟ್ಟಿದವೆಲ್ಲ ಹೆಣ್ಣು, ಅವುಗಳಿಗೆ ಹುಟ್ಟಿದವೂ ಹೆಣ್ಣು. ಮೂರು ವರ್ಷ, ಮೂರು ತಲೆಮಾರು. ಮೇಡಂ ದಿನಾ ವಹಿಯಲ್ಲಿ ಬರೆಯುತ್ತಿದ್ದರು: ಹೆಣ್ಣು ಇಷ್ಟು, ಗಂಡು ಸೊನ್ನೆ. ಸೋಮವಾರ ತಪಾಸಣೆಗೆ ಬರುವ ಕಮಿಟಿ ಇದನ್ನು ಮೆಚ್ಚಿದರೆ ಅವರ ಹುದ್ದೆ ಕಾಯಂ ಎಂದು ಆಡಳಿತ ಮಂಡಳಿ ಹೇಳಿತ್ತು.

ಪ್ರಿನ್ಸಿಪಾಲ್ ಗುರುಲಿಂಗಪ್ಪನವರಿಗೆ ಆ ಪೆಟ್ಟಿಗೆ ಕಂಡರಾಗದು.

"ಏನ್ರಿ ಮೇಡಂ, ಹೆಂಗಸರ ಹಾಸ್ಟೆಲ್ ಮಾಡೀರಲ್ಲ. ಒಂದರೆ ಗಂಡು ಬ್ಯಾಡೇನ್ರಿ?"

"ಅವಕ್ಕ ಬೇಕಾಗಿಲ್ಲ ಸರ್."

"ಅವಕ್ಕೋ, ನಿಮಗೋ?"

ಸ್ಟಾಫ್ ರೂಮು ನಗುತ್ತಿತ್ತು. ಸಾಹೇಬರು ಹೋದ ಮೇಲೆ ನಾನು ಅದೇ ಮಾತನ್ನು ಅವರದೇ ದನಿಯಲ್ಲಿ, ಮೂಗಿನ ಗೊರಗೊರ ಸಮೇತ, ಆಡಿ ತೋರಿಸಿ ಎರಡನೇ ಸಲ ನಗಿಸುತ್ತಿದ್ದೆ. ಮೇಡಂ ಎದುರಿಗೇ.

ಶನಿವಾರ ಮೂರು ಗಂಟೆಗೆ ಸ್ಟಾಫ್ ರೂಮಿನಲ್ಲಿ ಒಬ್ಬನೇ ಇದ್ದೆ. ಹುಕಿ ಬಂತು. ಇಂಟರ್‌ಕಾಮ್ ಎತ್ತಿ ಲ್ಯಾಬಿಗೆ ಹಚ್ಚಿದೆ. ಜವಾನ ದೇವಿಂದ್ರ ಎತ್ತಿದ.

"ದೇವಿಂದ್ರ," ಎಂದೆ ಸಾಹೇಬರ ದನಿಯಲ್ಲಿ, "ಸೋಮವಾರ ಕಮಿಟಿ ಬರ್ಲಿಕತ್ತದ. ಆ ಹುಳಕ್ಕ ಒಂದು ಗಂಡು ಹುಡುಕು. ಬೀಗರು ಬರೋ ಮನಿ, ಪೆಟ್ಟಿಗಿ ಸಾಫ್ ಮಾಡು."

"ಆಯ್ತ್ರಿ ಸಾಹೇಬ್ರ."

ಎಲ್ಲರಿಗೂ ಹೇಳಿ ನಗಿಸೋಣ ಎಂದುಕೊಂಡು ಫೋನಿಟ್ಟೆ. ದೇವಿಂದ್ರನಿಗೆ ತಮಾಷೆ ಎಂದು ಹೇಳುವುದೊಂದು ಉಳಿಯಿತು.

ದೇವಿಂದ್ರ ಕೊಡ್ಲಿ ಊರಿನವನು, ಒಪ್ಪಿಕೊಂಡ ಕೆಲಸ ಅರ್ಧಕ್ಕೆ ಬಿಡುವವನಲ್ಲ. ಪೆಟ್ಟಿಗೆಯ ತಳದಲ್ಲಿ ಕಾಳಿನಂತೆ ಬಿದ್ದಿದ್ದ ಕಸ ಗುಡಿಸಿ ಬೆಂಕಿಗೆ ಹಾಕಿದ. ಅವು ನಾಲ್ಕನೇ ತಲೆಮಾರಿನ ತತ್ತಿಗಳು. ಆಮೇಲೆ ಬೇಲಿಯಲ್ಲಿ ಹುಡುಕಿ, ಉದ್ದ ಕಾಲಿನ, ಕತ್ತು ಹೊರಳಿಸಿ ನೋಡುವ ಠೀವಿಯ ಹುಳವೊಂದನ್ನು ತಂದು ಒಳಗೆ ಬಿಟ್ಟ. ಅದು ಸೂರ್ಯನ ಕುದುರೆ; ಬೇರೆ ಹುಳಗಳನ್ನು ಹಿಡಿದು ತಿನ್ನುವಂಥದು.

ಸೋಮವಾರ ಬೆಳಿಗ್ಗೆ ಸಾಹೇಬರೂ ನಾವೂ ಲ್ಯಾಬಿನಲ್ಲಿ ಸೇರಿದಾಗ, ನಾಲ್ಕು ಕಡ್ಡಿಹುಳಗಳಲ್ಲಿ ಉಳಿದದ್ದು ಕೆಲವು ಕಾಲು, ಒಂದು ಅರ್ಧ ಹೊಟ್ಟೆ.

"ಸಾಹೇಬ್ರೇ ಫೋನ್ ಮಾಡಿ ಹೇಳಿದ್ರಿ ಮೇಡಂ. ಶನಿವಾರ ಮೂರು ಗಂಟೆಗಿ," ಎಂದ ದೇವಿಂದ್ರ.

ನಾನು ಬಾಯಿ ತೆರೆಯುವಷ್ಟರಲ್ಲಿ ಗುರುಲಿಂಗಪ್ಪನವರು ಕೆಮ್ಮಿದರು. "ಹೌದು, ನಾನೇ ಹೇಳೀನಿ. ತಪ್ಪೇನದ? ಕಮಿಟಿ ಮುಂದ ಒಂದು ಸಂಸಾರ ಅಂತ ಕಾಣಬೇಕಲ್ಲ."

ತಾವು ಆಡದ ಮಾತು ಅವರಿಗೆ ಅಷ್ಟು ಹಿಡಿಸಿತ್ತು. ನಾನು ಬಾಯಿ ಮುಚ್ಚಿದೆ.

ಕಮಿಟಿಯವರು ಸೂರ್ಯನ ಕುದುರೆಯ ಫೋಟೋ ಹೊಡೆದುಕೊಂಡು, ಉಪ್ಪಿಟ್ಟು ತಿಂದು ಹೋದರು. ಕಾಯಂ ಹುದ್ದೆಯ ಮಾತನ್ನು ಯಾರೂ ಎತ್ತಲಿಲ್ಲ.

ಸಂಜೆ ಮೇಡಂ ಲ್ಯಾಬಿನಲ್ಲಿ ವಹಿ ಬರೆಯುತ್ತಿದ್ದರು. ಹೆಣ್ಣು ಸೊನ್ನೆ, ಗಂಡು ಒಂದು.

"ಭಾಳ ಕೆಟ್ಟದ್ದಾಯ್ತು ಮೇಡಂ. ಸಾಹೇಬ್ರು ಹಂಗ ಮಾಡಬಾರದಿತ್ತು," ಎಂದೆ.

ಅವರು ತಲೆ ಎತ್ತಲಿಲ್ಲ. "ಶನಿವಾರ ಮೂರಕ್ಕ ಸಾಹೇಬ್ರು ತಮ್ಮ ರೂಮಿನಾಗ ನನ್ನೆದುರಿಗೇ ಕುಂತಿದ್ರು, ಚನ್ನು ಸರ್. ಫೋನ್ ಮುಟ್ಟಿಲ್ಲ."

"ಮತ್ತ... ಬೆಳಿಗ್ಗೆ ಯಾಕ ಹೇಳಲಿಲ್ರಿ?"

"ನೀವು ಅಲ್ಲೇ ನಿಂತಿದ್ರಲ್ಲ. ಹೇಳ್ತೀರಿ ಅಂತ ದಾರಿ ನೋಡ್ದೆ."

ವಹಿ ಮುಚ್ಚಿ ನನ್ನತ್ತ ತಿರುಗಿದರು. "ಈಗರೆ ಏನರೆ ಅನ್ರಿ. ಯಾರ ದನಿಯಾಗರೆ ಅನ್ರಿ."

ಪೆಟ್ಟಿಗೆಯೊಳಗೆ ಅಳಿಯ ಮುಂಗಾಲು ನೆಕ್ಕಿಕೊಳ್ಳುತ್ತಿದ್ದ. ನಾನು ಅದನ್ನೇ ನೋಡುತ್ತ ನಿಂತೆ.