ಅಕ್ಕನ ತೋಳಿನ ಮೇಲಿನ ಕೋಟು

ಕಂಬಳಿಯೊಂದನ್ನು ನಾಲ್ಕು ಮಡಿಕೆ ಮಾಡಿ ಎಡತೋಳಿನ ಮೇಲೆ ಹಾಕಿಕೊಂಡು ಆಯಾ ಒಬ್ಬಳು ಹಾದುಹೋದಳು, ಅಷ್ಟೇ, ಆಸ್ಪತ್ರೆಯೆಂದ ಮೇಲೆ ಆಯಾ ಇರುತ್ತಾಳೆ, ಕಂಬಳಿ ಇರುತ್ತದೆ, ಅದಕ್ಕೆ ಕಾನೂನು ಮಂತ್ರಿಯ ಎದೆ ಧಸಕ್ಕೆನ್ನಬೇಕೆ — ಆದರೆ ಆ ತೋಳು ಬಾಗಿದ ರೀತಿ, ಬಟ್ಟೆ ಸುಕ್ಕಾಗದಂತೆ ಮೈಯಿಂದ ತುಸು ದೂರ ಹಿಡಿದ ರೀತಿ, ಅಕ್ಕನೂ ಹಾಗೇ ಹಿಡಿದಿದ್ದಳಂತೆ, ಇಪ್ಪತ್ತೆರಡು ವರ್ಷದ ಹಿಂದೆ, ಕೋರ್ಟಿನ ಬೆಂಚಿನ ಮೇಲೆ ಕೂತು, ಇವನ ಕರಿಕೋಟನ್ನು. ಸಾರ್, ಹನ್ನೊಂದಕ್ಕೆ ಸದನ ಇದೆ, ಎನ್ನುತ್ತಾನೆ ಆಪ್ತ ಸಹಾಯಕ, ಗೊತ್ತು ಕಣಯ್ಯ, ಐದು ನಿಮಿಷ, ನಮ್ಮಕ್ಕನ್ನ ನೋಡಿ ಬಂದುಬಿಡ್ತೀನಿ — ಬಂದುಬಿಡ್ತೀನಿ, ಅವತ್ತೂ ಅದೇ ಮಾತು, ಈ ನಾಲಿಗೆಗೆ ಬೇರೆ ಮಾತೇ ಬರುವುದಿಲ್ಲವೇನೋ. ಡಾಕ್ಟರು ಹೇಳಿಯಾಗಿದೆ, ಇವತ್ತೋ ನಾಳೆಯೋ, ಅಷ್ಟರೊಳಗೆ ಅವಳ ಕಿವಿಗೆ ಒಂದು ಮಾತು ಹಾಕಬೇಕು, ತಪ್ಪಾಯ್ತಕ್ಕಾ, ಇಷ್ಟೇ, ಸದನದಲ್ಲಿ ನಾಲ್ಕು ತಾಸು ನೀರು ಕುಡಿಯದೆ ಮಾತಾಡುವವನ ಗಂಟಲಲ್ಲಿ ಇಷ್ಟು ವರ್ಷ ಸಿಕ್ಕಿಕೊಂಡ ಮಾತು.

ಆ ಕೋಟು ಹೊಲಿದವಳೂ ಅವಳೇ, ಕಂಡವರ ರವಿಕೆ ಹೊಲಿದು ತಮ್ಮನನ್ನು ಲಾ ಓದಿಸಿದವಳು, ಬಾಯಿದ್ದವನು ಬರಗಾಲದಲ್ಲೂ ಬದುಕ್ತಾನೆ ಕಣೋ, ನಿನ್ನ ಬಾಯಿಗೆ ಒಂದು ಕೋಟು ತೊಡಿಸಿದ್ರೆ ಆಯ್ತು, ಅಂತ ಹಲ್ಲಲ್ಲಿ ದಾರ ಕಡಿಯುತ್ತ ನಗುತ್ತಿದ್ದಳು, ನಿನ್ನ ಎಡಭುಜ ಒಂದು ಬೆರಳು ತಗ್ಗು, ಅಂತ ಒಳಗೆ ಹತ್ತಿ ಇಟ್ಟು ಸರಿಮಾಡಿದ್ದಳು. ಆ ಭುಜದಲ್ಲೇ ಇವನು ಗಿರಣಿ ಕೂಲಿಗಳ ಕೇಸು ಗೆದ್ದ, ಬಡವರ ವಕೀಲ ಅಂತ ಹೆಸರಾಯಿತು, ಹೆಸರಾದ ಮೇಲೆ ಪಕ್ಷದವರು ಹುಡುಕಿಕೊಂಡು ಬಂದರು, ಮನೆಗೆ ಮಾರಿ ಊರಿಗೆ ಉಪಕಾರಿ. ಭಾವ ಅಕ್ಕನನ್ನು ಬಿಟ್ಟು ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಹೋದಾಗ ಮಗು ತಾಯಿಗೆ ಸೇರಬೇಕೆಂದು ಕೇಸು ಹಾಕಿದವನು ಇವನೇ, ತೀರ್ಪಾಗುವವರೆಗೆ ಮಗುವನ್ನು ಊರು ಬಿಡಿಸಕೂಡದು ಅಂತ ತಡೆಯಾಜ್ಞೆ ತಂದವನೂ ಇವನೇ, ಜೊತೆಯ ವಕೀಲ ಹೇಳಿದ್ದ, ವಕಾಲತ್ತಿನಲ್ಲಿ ನನ್ನ ಹೆಸರೂ ಇರ್ಲಿ ಮಾರಾಯ, ನಿನಗೆ ಚುನಾವಣೆ ಗಲಾಟೆ — ಬೇಡ, ನಮ್ಮಕ್ಕನ ಕೇಸು, ನಾನೊಬ್ಬನೇ ಸಾಕು! ಎಂಥ ಜಂಬ, ಒಂದು ಸಹಿಗೆ ಜಾಗ ಬಿಡದಷ್ಟು ಜಂಬ.

ಅವತ್ತು ಕೊನೆಯ ವಾದ, ಅವತ್ತೇ ನಾಮಪತ್ರ. ಆಗಲೇ ಎರಡು ವಾಯಿದೆ ಕೇಳಿ ಆಗಿತ್ತು, ಇದೇ ಕಡೆಯದು ಅಂತ ನ್ಯಾಯಾಧೀಶರು ಬರೆಸಿದ್ದರು, ಬೆಳಿಗ್ಗೆ ಅಕ್ಕನ ಮನೆಯಲ್ಲೇ ಕೋಟು ಬಿಚ್ಚಿ ಬಿಳಿ ಜುಬ್ಬ ತೊಟ್ಟ, ಕೋಟು ನೀನೇ ತಗೊಂಡು ಹೋಗಿರಕ್ಕಾ, ನಾಮಪತ್ರ ಕೊಟ್ಟು ನೆಟ್ಟಗೆ ಕೋರ್ಟಿಗೇ ಬಂದುಬಿಡ್ತೀನಿ. ಮೆರವಣಿಗೆ ಕೋರ್ಟಿನ ಮುಂದೆಯೇ ಹಾಯಿತು, ತೆರೆದ ಗಾಡಿ, ಕೊರಳಲ್ಲಿ ಹಾರ, ಜೈಕಾರ, ಗೇಟಿನ ಎದುರು ಗಾಡಿ ಮೂರು ನಿಮಿಷ ನಿಂತಿತ್ತು, ಇಳಿಯಬಹುದಿತ್ತು, ಜನ ಸೇರಿತ್ತು ಇಳಿಯಲಾಗಲಿಲ್ಲ ಅಂತ ಎಲ್ಲರಿಗೂ ಹೇಳಿದ್ದು ಸುಳ್ಳು, ಇಳಿಯಬಹುದಿತ್ತು, ಇಳಿಯುವ ಬದಲು ಕೋರ್ಟಿನ ಕಡೆಗೂ ಒಮ್ಮೆ ಕೈ ಬೀಸಿದ. ಒಳಗೆ ಮೂರು ಸಲ ಕೂಗಿದರಂತೆ, ಜೊತೆಯ ವಕೀಲ ಎದ್ದು ನಿಂತರೆ ನಿಮ್ಮ ವಕಾಲತ್ತೆಲ್ಲಿ ಅಂದರಂತೆ ನ್ಯಾಯಾಧೀಶರು, ಕೇಸು ವಜಾ, ಅದರೊಂದಿಗೆ ತಡೆಯಾಜ್ಞೆಯೂ. ನಿಮ್ಮಕ್ಕ ಕೊನೇವರೆಗೂ ಬಾಗಿಲು ಕಡೇನೇ ನೋಡ್ತಾ ಇದ್ರು ಸಾರ್, ಕೋಟು ತೋಳಿನ ಮೇಲೆ ಹಿಂಗೆ ಇಟ್ಕೊಂಡು, ಅಂತ ಗುಮಾಸ್ತ ತೋಳು ಬಾಗಿಸಿ ತೋರಿಸಿದ. ಸಂಜೆಯೊಳಗೆ ಭಾವ ಮಗುವಿನೊಂದಿಗೆ ಊರು ಬಿಟ್ಟ, ಆಮೇಲೆ ಅರ್ಜಿ ಹಾಕಿ ಕೇಸಿಗೆ ಮರುಜೀವ ಬಂತು, ಭಾವನಿಗೆ ಕಳಿಸಿದ ನೋಟೀಸು ಮಾತ್ರ ವಾಪಸು ಬರುತ್ತಲೇ ಹೋಯಿತು, ವಿಳಾಸದಲ್ಲಿ ಯಾರೂ ಇಲ್ಲ, ಯಾರೂ ಇಲ್ಲ. ಇವನು ಚುನಾವಣೆ ಗೆದ್ದ. ಅಕ್ಕ ಬೈಯಲಿಲ್ಲ, ಅಳಲಿಲ್ಲ, ಮೂರು ದಿನ ಬಿಟ್ಟು ಹೋದರೆ ಕೋಟು ಇಸ್ತ್ರಿ ಮಾಡಿಟ್ಟಿದ್ದೀನಿ, ತಗೊಂಡು ಹೋಗು ಅಂದಳು, ಇವನು ಒಯ್ಯಲಿಲ್ಲ, ಬೈದಿದ್ದರೆ ಒಯ್ಯುತ್ತಿದ್ದನೇನೋ.

ಬನ್ನಿ ಸಾರ್, ಎಚ್ಚರ ಇದ್ದಾರೆ, ಎಂದು ನರ್ಸಮ್ಮ ಪರದೆ ಸರಿಸುತ್ತಾಳೆ. ಇಷ್ಟೇ ಇಷ್ಟು ಆಗಿದ್ದಾಳೆ ಅಕ್ಕ, ಹಾಸಿಗೆಯಲ್ಲಿ ಹುಡುಕಬೇಕು, ಮುಖ ಬಾಗಿಲ ಕಡೆಗೆ, ಇವನು ಬಗ್ಗುತ್ತಾನೆ, ಅಕ್ಕಾ, ನಾನು, ಬಂದಿದ್ದೀನಿ — ಕಣ್ಣು ಇವನ ಬಿಳಿ ಜುಬ್ಬದ ಮೇಲೆ ನಿಲ್ಲುತ್ತದೆ, ಅಲ್ಲಿಂದ ಭುಜ ದಾಟಿ ಆಚೆ ಹೋಗುತ್ತದೆ, ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ ಸ್ವಾಮಿ, ಎನ್ನುತ್ತಾಳೆ ಮೆಲ್ಲಗೆ, ಬಾಗಿಲು ಕಾಣಲ್ಲ, ನಮ್ಮ ವಕೀಲರು ಬರೋ ಹೊತ್ತಾಯ್ತು. ತಪ್ಪಾಯ್ತು ಅನ್ನಬೇಕು, ಯಾರಿಗೆ ಅನ್ನುವುದು, ಯಾರಾಗಿ ಅನ್ನುವುದು, ಅಕ್ಕಾ, ನಾನೇ — ಸ್ವಲ್ಪ ಪಕ್ಕಕ್ಕೆ, ಸ್ವಾಮಿ — ಸಾರ್, ಹನ್ನೊಂದಾಯ್ತು — ಅವನು ಪಕ್ಕಕ್ಕೆ ಸರಿಯುತ್ತಾನೆ, ಹೊದಿಕೆಯ ಮೇಲೆ ಅವಳ ಎಡತೋಳು, ಬಾಗಿದೆ, ಮೈಯಿಂದ ತುಸು ದೂರ, ಅದರ ಮೇಲೆ ಏನೂ ಇಲ್ಲ, ಏನೂ ಇಲ್ಲ, ಅದು ಸುಕ್ಕಾಗದಂತೆ ಹಿಡಿದಿದ್ದಾಳೆ.